ಹೆದರಿದವರ ನಗುವೇ ಬೇರೆ

ಶನಿವಾರ ರಾತ್ರಿಯಿಂದ ಒಳಗೊಳಗೇ ಕುದಿಯುತ್ತಿದ್ದೇನೆ. ಎರಡು ದಿನ ಸುಮ್ಮನಿದ್ದೆ. ಇವತ್ತು ಬೆಳಿಗ್ಗೆ ಹಾಲು ಕಾಯಿಸುತ್ತಾ ನಿಂತಾಗಲೂ ಅದೇ ನಗು ಕಿವಿಯಲ್ಲಿ ಮೊಳಗಿತು. ಇನ್ನು ತಡೆದುಕೊಳ್ಳಲು ಆಗದೆ ಬರೆಯುತ್ತಿದ್ದೇನೆ. ಉದ್ದವಾಗುತ್ತದೆ, ಬೇಸರಿಸದೆ ಓದಿ.

ಅಣ್ಣನ ಮಗಳು ಬೆಂಗಳೂರಿನಲ್ಲಿ ಬಾಡಿಗೆ ಮನೆ ಹಿಡಿದ ವಿಷಯ ನಿಮಗೆ ಗೊತ್ತಲ್ಲ, ಮೊನ್ನೆ ಅಲ್ಲಿಗೆ ಹೋಗಿದ್ದೆ. ಅವಳು ಹೊಸದಾಗಿ ಪ್ರೊಜೆಕ್ಟರ್ ಕೊಂಡಿದ್ದಾಳೆ. ನಡುಮನೆಯ ಬಿಳಿ ಗೋಡೆಯೇ ಪರದೆ. ಗೆಳೆಯರು ಆರೇಳು ಮಂದಿ ಬಂದಿದ್ದರು, ಎಲ್ಲರೂ ಒಳ್ಳೆಯ ಮಕ್ಕಳೇ. ನನಗೆ ದಿಂಬು ಕೊಟ್ಟು, ಗೋಡೆಗೆ ಒರಗಿಸಿ ಕೂರಿಸಿ, ಚಹಾ ಮಾಡಿಕೊಟ್ಟರು. ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿದ್ದರು: ಮೊದಲು ಕಾಮಿಡಿ, ಊಟ, ಆಮೇಲೆ ಹಾರರ್. ಹಾರರ್ ಕೆಳಗೆ ‘ಆಪ್ತಮಿತ್ರ’ ಎಂದಿತ್ತು. ಕಾಮಿಡಿ ಕೆಳಗೆ ‘ನಾ ನಿನ್ನ ಬಿಡಲಾರೆ’ ಎಂದಿತ್ತು.

ಅದೂ ದೆವ್ವದ ಸಿನಿಮಾವೇ. ಕೈತಪ್ಪಿ ಬರೆದಿದ್ದಾರೆಂದುಕೊಂಡು ಹೇಳಲು ಹೋದೆ. “ತಪ್ಪಲ್ಲ ಅತ್ತೆ, ಅದನ್ನು ಈಗ ನೋಡಿದರೆ ಹೊಟ್ಟೆ ಹುಣ್ಣಾಗುವಷ್ಟು ನಗು ಬರುತ್ತದೆ, ನೋಡುತ್ತಿರಿ” ಎಂದಳು.

ನೋಡಿದೆ. ಅರ್ಧ ಗಂಟೆ ನೋಡಿದೆ. ಸಿನಿಮಾವನ್ನಲ್ಲ, ಅವರು ಸಿನಿಮಾವನ್ನು ಹರಿದು ತಿನ್ನುವುದನ್ನು. ಪ್ರತಿ ಐದು ನಿಮಿಷಕ್ಕೆ ಒಬ್ಬ ರಿಮೋಟ್ ಒತ್ತಿ ನಿಲ್ಲಿಸುತ್ತಾನೆ. ಕ್ಯಾಮೆರಾ ಮುಖದ ಹತ್ತಿರ ಓಡಿ ಬಂದರೆ ನಗು. ಗಾಳಿಗೆ ಪರದೆ ಹಾರಿದರೆ ನಗು. ಹಿನ್ನೆಲೆ ಸಂಗೀತ ಏರಿದರೆ ಎಲ್ಲರೂ ಸೇರಿ ಅದನ್ನೇ ಬಾಯಲ್ಲಿ ಅಣಕಿಸುತ್ತಾರೆ. ಬೇಸರವಾದ ಕಡೆ ಓಡಿಸಿಬಿಡುತ್ತಾರೆ. ಸತ್ತ ಹೆಣ್ಣಿನ ಆತ್ಮ ನಾಯಕನ ಮೈಯನ್ನು ಹೊಕ್ಕಾಗ ಒಂದು ಹುಡುಗಿ ಮೊಬೈಲ್ ಹಿಡಿದು ಗೋಡೆಯ ಮೇಲಿನ ಚಿತ್ರವನ್ನು ಮತ್ತೆ ಚಿತ್ರೀಕರಿಸಿ, ಅಲ್ಲೇ ನಗುವ ಮುಖಗಳನ್ನು ಅಂಟಿಸಿ, ಯಾರಿಗೋ ಕಳುಹಿಸಿದಳು.

ಆ ಗೋಡೆಯ ಮೇಲಿದ್ದವರು ಅನಂತ್ ನಾಗ್. 1974ರಲ್ಲಿ ‘ಅಂಕುರ್’, 1975ರಲ್ಲಿ ‘ಹಂಸಗೀತೆ’ ಮಾಡಿ ಬಂದ ನಟ. 1979ರಲ್ಲಿ, ವಿಜಯ್ ನಿರ್ದೇಶನದ ಈ ಚಿತ್ರದಲ್ಲಿ, ಗಂಡಸಿನ ಮೈಯಲ್ಲಿ ಹೆಣ್ಣೊಬ್ಬಳ ದೆವ್ವವನ್ನು ಹೊತ್ತು ನಟಿಸಿದರು. ಆ ಕಾಲಕ್ಕೆ ಅದು ಎಂಥ ಧೈರ್ಯ ಎಂದು ಯೋಚಿಸಿ ನೋಡಿ. ನಾಯಕನೆಂದರೆ ಮೀಸೆ ತಿರುವುವವನು ಎಂದಿದ್ದ ದಿನಗಳಲ್ಲಿ ಒಬ್ಬ ನಾಯಕ ನಟ ಕಣ್ಣು, ಕುತ್ತಿಗೆ, ಕೈಬೆರಳುಗಳನ್ನೆಲ್ಲ ಬೇರೊಬ್ಬಳಿಗೆ ಒಪ್ಪಿಸಿ ನಿಂತರು. ಸ್ವಲ್ಪ ಅಳತೆ ತಪ್ಪಿದ್ದರೂ ಆಗಲೇ ಜನ ನಕ್ಕುಬಿಡುತ್ತಿದ್ದರು. ನಗಲಿಲ್ಲ. ನಾನು ಅಲ್ಲಿದ್ದೆ, ನನಗೆ ಗೊತ್ತು.

ಚನ್ನರಾಯಪಟ್ಟಣದ ಕಡೆಯ ನಮ್ಮೂರಿಗೆ ಮೂರು ಮೈಲಿ ದೂರದಲ್ಲಿ ಟೂರಿಂಗ್ ಟಾಕೀಸ್ ಇತ್ತು. ನಮ್ಮ ಸೋದರಮಾವ ಅಲ್ಲಿ ಗೇಟು ಕಾಯುತ್ತಿದ್ದರೆಂದು ಹಿಂದೆಯೇ ಬರೆದಿದ್ದೇನೆ. ಪಟ್ಟಣದಲ್ಲಿ ಬಿಡುಗಡೆಯಾದ ಸಿನಿಮಾ ನಮ್ಮ ಟೆಂಟಿಗೆ ಬರಲು ಕೆಲವೊಮ್ಮೆ ಮೂರು, ನಾಲ್ಕು ವರ್ಷ. ಇದು ಬಂದಾಗ ನನಗೆ ಹತ್ತು ವರ್ಷ. ಕತ್ತಲಾಗುತ್ತಲೇ ಲೌಡ್‌ಸ್ಪೀಕರಿನಲ್ಲಿ ‘ನಮೋ ವೆಂಕಟೇಶ’ ಶುರುವಾಗುತ್ತಿತ್ತು. ಅದು ಕೇಳಿಸಿತೆಂದರೆ ಟಿಕೆಟ್ ಕೊಡುತ್ತಿದ್ದಾರೆಂದೇ ಅರ್ಥ, ಕೆರೆ ಏರಿಯ ಮೇಲೆ ಎಲ್ಲರೂ ಓಡು ನಡಿಗೆ. ನೆಲದ ಟಿಕೆಟ್ ನಮ್ಮದು. ಮರಳನ್ನು ಗುಡ್ಡೆ ಮಾಡಿಕೊಂಡು ಅದರ ಮೇಲೆ ಕೂತರೆ ಮುಂದಿನವರ ತಲೆ ಅಡ್ಡ ಬರುತ್ತಿರಲಿಲ್ಲ.

ಆ ರಾತ್ರಿ ಆ ಗುಡ್ಡೆಗಳೆಲ್ಲ ಮಾಯವಾದವು. ದೆವ್ವ ಬಂದ ಮೇಲೆ ಒಬ್ಬರೂ ತಮ್ಮ ಗುಡ್ಡೆಯ ಮೇಲೆ ಉಳಿಯಲಿಲ್ಲ, ತೆವಳಿಕೊಂಡು ಒಬ್ಬರಿಗೊಬ್ಬರು ಅಂಟಿಕೊಂಡರು. ಗುಡಾರದ ಅಂಚಿನಲ್ಲಿ ಕೂತಿದ್ದವರು, ಗಾಳಿಗೆ ಕ್ಯಾನ್ವಾಸು ಪಟಪಟ ಹೊಡೆದುಕೊಂಡದ್ದೇ ತಡ, ಎದ್ದು ನಡುವಿಗೆ ಬಂದರು. ಒಂದೇ ಪ್ರೊಜೆಕ್ಟರ್ ಇದ್ದುದರಿಂದ ರೀಲು ಬದಲಿಸಲು ನಡುನಡುವೆ ದೀಪ ಹಾಕುತ್ತಿದ್ದರು. ಬೇರೆ ದಿನಗಳಲ್ಲಿ ದೀಪ ಬಂದರೆ ಗಲಾಟೆ, ಸೋಡಾ ಬಾಟಲಿಯ ಸದ್ದು, ಕಡಲೆಕಾಯಿಯವನ ಕೂಗು. ಅವತ್ತು ದೀಪ ಬಂದಾಗಲೂ ಯಾರೂ ಮಾತನಾಡಲಿಲ್ಲ. ಕಡಲೆಕಾಯಿಯವನೇ ಬುಟ್ಟಿ ಇಳಿಸಿ ನಮ್ಮ ನಡುವೆ ಕೂತುಬಿಟ್ಟಿದ್ದ.

ವಾಪಸು ಬರುವಾಗ ನಡುರಾತ್ರಿ. ಏರಿಯ ಕೊನೆಗೆ ಹುಣಸೆಮರ. ಮುಂದೆ ಒಂದು ಲಾಂದ್ರ, ಹಿಂದೆ ಒಂದು ಲಾಂದ್ರ, ನಡುವೆ ನಾವೆಲ್ಲ. ಅಮ್ಮ ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡಿದ್ದಳು. ಹತ್ತು ವರ್ಷದವಳನ್ನು ಹೊರುವಷ್ಟು ಶಕ್ತಿ ಅವಳಿಗಿರಲಿಲ್ಲ, ಆದರೂ ಇಳಿಸಲಿಲ್ಲ. ಅಜ್ಜಿ ‘ಪೂಜ್ಯಾಯ ರಾಘವೇಂದ್ರಾಯ’ ಎಂದು ಗಟ್ಟಿಯಾಗಿ ಹೇಳುತ್ತಿದ್ದರು, ಏಕೆಂದರೆ ಸಿನಿಮಾದಲ್ಲೂ ಕೊನೆಗೆ ಕಾಪಾಡಿದ್ದು ಮಂತ್ರಾಲಯದ ರಾಯರೇ. ಸರಿಯಾಗಿ ಮರದ ಕೆಳಗೆ ಬಂದಾಗ ಯಾರದ್ದೋ ಬಳೆ ಸದ್ದಾಯಿತು. ಎಲ್ಲರೂ ಕಲ್ಲಾಗಿ ನಿಂತರು. ಆಗ ಚಿಕ್ಕಪ್ಪ, “ಅಮ್ಮಾ ತಾಯಿ, ನಮ್ಮ ಅಣ್ಣನನ್ನು ಬೇಕಾದರೆ ಹಿಡಿದುಕೋ, ನನಗೆ ಇನ್ನೂ ಮದುವೆಯಾಗಿಲ್ಲ” ಎಂದರು. ಆ ಕತ್ತಲಲ್ಲಿ ಇಪ್ಪತ್ತು ಜನ ನಕ್ಕ ನಗು! ಕೆರೆಯ ಆಚೆ ದಡದಿಂದ ಅದು ತಿರುಗಿ ಬಂತು. ಅಮ್ಮನ ಹೊಟ್ಟೆ ಕುಲುಕಿದ್ದು ನನ್ನ ಮೈಗೂ ತಿಳಿಯಿತು. ನಗುತ್ತಲೇ ಎಲ್ಲರೂ ಇನ್ನಷ್ಟು ಬೇಗ ಹೆಜ್ಜೆ ಹಾಕಿದರು.

ನಾನು ಹೇಳಬೇಕೆಂದಿರುವುದು ಈ ನಗುವಿನ ವಿಷಯವನ್ನೇ. ಹೆದರಿದವರ ನಗುವೇ ಬೇರೆ. ಅದು ಭಯದ ಹೊಟ್ಟೆಯಲ್ಲೇ ಹುಟ್ಟುತ್ತದೆ, ಪಕ್ಕದವರ ಕೈ ಹಿಡಿದಿರುತ್ತದೆ. ಶನಿವಾರ ನಾನು ಕೇಳಿದ ನಗು ಹೆದರಲು ಒಲ್ಲದವರದು. ಎಲ್ಲಿ ಎದೆ ನಡುಗಿಬಿಡುತ್ತದೋ ಎಂದು ಮೊದಲೇ ಬಾಗಿಲು ಹಾಕಿಕೊಂಡು ಒಳಗಿನಿಂದ ನಗುವ ನಗು.

ಊಟದ ಹೊತ್ತಿನಲ್ಲಿ ನಾನು ಇದನ್ನು ಹೇಳಿದೆ. ಒಬ್ಬ ಹುಡುಗ, ಬಹಳ ಓದಿಕೊಂಡವನು, ವಿನಯದಿಂದಲೇ ಮಾತಿಗೆ ಬಂದ. “ಆಂಟಿ, ಕಲ್ಟ್ ಸಿನಿಮಾಗಳನ್ನು, ಅಂದರೆ ಕೆಲವರು ಹುಚ್ಚು ಹಿಡಿದಂತೆ ಮತ್ತೆ ಮತ್ತೆ ನೋಡುವ ಸಿನಿಮಾಗಳನ್ನು, ನೋಡುವ ರೀತಿಯೇ ಹೀಗೆ. ಅಮೆರಿಕದಲ್ಲಿ ‘ದ ರೂಮ್’ ಎಂಬ ಸಿನಿಮಾ ಹಾಕಿದರೆ ಜನ ಪ್ಲಾಸ್ಟಿಕ್ ಚಮಚಗಳನ್ನು ಪರದೆಯ ಕಡೆಗೆ ಎಸೆಯುತ್ತಾರೆ. ‘ರಾಕಿ ಹಾರರ್’ಗೆ ವೇಷ ಹಾಕಿಕೊಂಡು ಬಂದು ಅಕ್ಕಿ ಎರಚುತ್ತಾರೆ” ಎಂದ.

ನಿಜವೇ. 2003ರ ‘ದ ರೂಮ್’ನಲ್ಲಿ ಮನೆಯೊಳಗೆ ಚಮಚದ ಚಿತ್ರಕ್ಕೆ ಚೌಕಟ್ಟು ಹಾಕಿ ಇಟ್ಟಿದ್ದಾರೆ, ಅದು ಕಂಡಾಗಲೆಲ್ಲ ಚಮಚ ಹಾರುತ್ತದೆ. 1975ರ ‘ದ ರಾಕಿ ಹಾರರ್ ಪಿಕ್ಚರ್ ಶೋ’ ಮೊದಲು ಸೋತಿತು, ಮರುವರ್ಷದಿಂದ ನ್ಯೂಯಾರ್ಕಿನಲ್ಲಿ ನಡುರಾತ್ರಿಯ ಪ್ರದರ್ಶನ ಶುರುವಾಗಿ ಬದುಕಿಕೊಂಡಿತು. ಆದರೆ ಮಗೂ, ಅಕ್ಕಿ ಎರಚುವುದು ಎಲ್ಲಿ? ಸಿನಿಮಾದ ಶುರುವಿನ ಮದುವೆಯಲ್ಲಿ. ಮದುವೆಗೆ ಬಂದವರು ಅಕ್ಷತೆ ಹಾಕಿದ ಹಾಗೆಯೇ ಆಯಿತಲ್ಲ! ಅವರು ಆ ಸಿನಿಮಾದ ಒಳಗೆ ಹೋಗಿ ಕೂತಿದ್ದಾರೆ, ಮಾತು ಮಾತೂ ಬಾಯಿಪಾಠ ಮಾಡಿದ್ದಾರೆ. ನಮ್ಮಲ್ಲಿ ರಾಜ್‌ಕುಮಾರ್ ತೆರೆಗೆ ಬಂದಾಗ ಚಿಲ್ಲರೆ ಕಾಸು ತೂರುತ್ತಿರಲಿಲ್ಲವೇ, ದೇವರು ಪ್ರತ್ಯಕ್ಷವಾದಾಗ ಕರ್ಪೂರ ಹಚ್ಚುತ್ತಿರಲಿಲ್ಲವೇ? 2024ರಲ್ಲಿ ಉಪೇಂದ್ರರ ‘ಎ’ ಮತ್ತೆ ಬಿಡುಗಡೆಯಾದಾಗ ನಾನು ಹೋಗಿದ್ದೆ. 1998ರಲ್ಲಿ ಕಾಲೇಜಿನಲ್ಲಿದ್ದಿರಬಹುದಾದ ಗಂಡಸರು, ತಲೆ ನರೆತವರು, ಪಾತ್ರಕ್ಕಿಂತ ಮೊದಲೇ ಮಾತು ಹೇಳುತ್ತಿದ್ದರು. ಎಷ್ಟು ಗದ್ದಲ! ಆದರೂ ನನಗೆ ಒಂದಿಷ್ಟೂ ಸಿಟ್ಟು ಬರಲಿಲ್ಲ, ಕಣ್ಣು ತುಂಬಿತು. ಇಪ್ಪತ್ತಾರು ವರ್ಷ ಒಂದು ಸಿನಿಮಾವನ್ನು ಎದೆಯಲ್ಲಿಟ್ಟುಕೊಂಡವರ ಗದ್ದಲ ಅದು. ‘ಉಳಿದವರು ಕಂಡಂತೆ’ 2014ರಲ್ಲಿ ಬಂದಾಗ ಚಿತ್ರಮಂದಿರದಲ್ಲಿ ನಿಲ್ಲಲಿಲ್ಲ, ಆಮೇಲೆ ಅದನ್ನು ಹುಡುಗರೇ ಒಬ್ಬರಿಂದೊಬ್ಬರಿಗೆ ದಾಟಿಸಿ ಉಳಿಸಿದರು. ಕಲ್ಟ್ ಎನ್ನುವುದು ಇದಕ್ಕೆ. ಮೊದಲ ಸಲವೇ ನಗಲೆಂದು ಹಾಕಿ, ಅರ್ಧಕ್ಕೆ ನಿಲ್ಲಿಸಿ, ತುಣುಕು ಕತ್ತರಿಸಿ ಹಂಚುವುದಕ್ಕೆ ಅದೇ ಹೆಸರು ಕೊಡಬೇಡಿ.

“ತಂತ್ರ ಹಳತಾಗಿದೆ, ಏನು ಮಾಡುವುದು?” ಎಂದಳು ಇನ್ನೊಬ್ಬಳು. ನನ್ನ ಗಂಡನ ಮನೆ ಪುತ್ತೂರಿನ ಕಡೆ. ಅಲ್ಲಿ ರಾತ್ರಿಯಿಡೀ ಯಕ್ಷಗಾನದ ಆಟ ನೋಡಿದ್ದೇನೆ. ರಕ್ಕಸರ ಬಣ್ಣದ ವೇಷದವರ ಮುಖದ ಮೇಲೆ ಅಕ್ಕಿ ಹಿಟ್ಟಿನ ಚುಟ್ಟಿ, ಆ ಬಿಳಿ ಚುಕ್ಕೆಗಳನ್ನು, ಇಟ್ಟದ್ದು ಎಲ್ಲರಿಗೂ ಕಾಣುತ್ತದೆ. ಕಿರೀಟದ ಒಳಗೆ ಇರುವವರು ಪಕ್ಕದೂರಿನವರೆಂದೂ ಗೊತ್ತು. ಆದರೂ ತೆರೆಯ ಹಿಂದಿನಿಂದ ಆ ಅಬ್ಬರ ಎದ್ದು ಚೆಂಡೆ ಬಿತ್ತೆಂದರೆ ಮಡಿಲಲ್ಲಿ ಮಲಗಿದ್ದ ಮಗು ಸೆರಗಿನೊಳಗೆ ತಲೆ ತೂರಿಸುತ್ತದೆ. ಅಲ್ಲಿ ಯಾವ ತಂತ್ರ ಇದೆ ಹೇಳಿ? ನೋಡುವವರು ಅರ್ಧ ದಾರಿ ಬಂದು ನಿಲ್ಲಬೇಕು, ಅಷ್ಟೇ. ಕೂತಲ್ಲೇ ಕೂತು, ಕೈಯಲ್ಲಿ ಮೊಬೈಲ್ ಹಿಡಿದು, ಹೆದರಿಸು ನೋಡೋಣ ಎಂದರೆ ಯಾವ ದೆವ್ವವೂ ಬರುವುದಿಲ್ಲ.

ಒಂದು ಮಾತು ಅವರ ಪರವಾಗಿ ಹೇಳಲೇಬೇಕು. ಅವರಿಗೆ ಸಿಕ್ಕ ಸಿನಿಮಾದ ಪ್ರತಿಯೇ ಸರಿಯಾಗಿರಲಿಲ್ಲ. ರಾತ್ರಿಯ ದೃಶ್ಯವೆಲ್ಲ ಬೂದಿ ಬಣ್ಣಕ್ಕೆ ತಿರುಗಿತ್ತು, ಮೂಲೆಯಲ್ಲಿ ದೊಡ್ಡ ಮುದ್ರೆ, ಧ್ವನಿಯಲ್ಲಿ ಗೊರಗೊರ. ಕತ್ತಲೆಯೇ ಇಲ್ಲದ ಮೇಲೆ ಭಯ ಎಲ್ಲಿ ಅವಿತುಕೊಳ್ಳಬೇಕು? ಮಲಯಾಳಿಗಳು ‘ಆಪ್ತಮಿತ್ರ’ದ ಮೂಲವಾದ 1993ರ ‘ಮಣಿಚಿತ್ರತ್ತಾಳ್’ ಅನ್ನು ತೊಳೆದು, ಸರಿಮಾಡಿ, 2024ರಲ್ಲಿ ಮತ್ತೆ ಚಿತ್ರಮಂದಿರಕ್ಕೆ ತಂದರು. ನಮ್ಮ 1979ಕ್ಕೂ ಅಂಥ ಭಾಗ್ಯ ಬೇಕು ಎಂದು ಹೊಟ್ಟೆಕಿಚ್ಚಿನಿಂದಲೇ ಹೇಳುತ್ತೇನೆ. ಪ್ರತಿ ಸವೆದಿತ್ತು, ಒಪ್ಪಿದೆ. ಆದರೆ ‘ಆಪ್ತಮಿತ್ರ’ದ ಪ್ರತಿ ಸವೆದಿರಲಿಲ್ಲವಲ್ಲ.

ಊಟವಾದ ಮೇಲೆ ಅದನ್ನು ಹಾಕಿದರು. ಸ್ವಲ್ಪ ಸಮಾಧಾನವಾಯಿತು, ಹಾಳೆಯಲ್ಲಿ ಹಾರರ್ ಎಂದೇ ಬರೆದಿದ್ದರಲ್ಲ. ಮೊದಲರ್ಧ ಚೆನ್ನಾಗಿಯೇ ಹೋಯಿತು. ದ್ವಾರಕೀಶ್ ಹೆದರಿ ಬೆವರುವುದಕ್ಕೆ ನಾನೂ ನಕ್ಕೆ, ಅದು ನಗಲಿಕ್ಕೇ ಇರುವುದು. ಫಾಜಿಲ್ ಮತ್ತು ಮಧು ಮುಟ್ಟಂ ಮಲಯಾಳದಲ್ಲಿ ಕಟ್ಟಿದ ಕಥೆಯ ಜಾಣತನವೇ ಅದು: ನಗಿಸಿ ನಗಿಸಿ ಮೈಮರೆಸಿ, ನಾವು ಕಾಲು ಚಾಚಿ ಕೂತ ಹೊತ್ತಿಗೆ ಕೆಳಗಿನ ಚಾಪೆಯನ್ನು ಎಳೆಯುವುದು. ಪಿ. ವಾಸು ಕನ್ನಡಕ್ಕೆ ತಂದಾಗಲೂ ಆ ಹದ ಕೆಡಲಿಲ್ಲ. ಮುಂದೆ 2005ರಲ್ಲಿ ತಮಿಳಿಗೆ, 2007ರಲ್ಲಿ ಹಿಂದಿಗೆ ಹೋಯಿತು. ಅಷ್ಟು ಭಾಷೆಯ ಜನ ಒಂದೇ ಮಂಚದ ತುದಿಯಲ್ಲಿ ಒಂದೇ ಹೆಂಗಸಿನ ಮುಖ ಬದಲಾಗುವುದನ್ನು ನೋಡಿ ಉಸಿರು ಹಿಡಿದರು.

ಸರಿಯಾಗಿ ಆ ಮುಖದ ಮೇಲೆಯೇ ರಿಮೋಟ್ ಒತ್ತಿದರು.

ಗಂಡ ಹೊರಗೆ ಹೋಗಬೇಡ ಎನ್ನುತ್ತಾನೆ. ಗಂಗಾ ತಿರುಗುತ್ತಾಳೆ. ಇನ್ನೂ ಗಂಗಾಳೇ, ಆದರೆ ಕಣ್ಣಿನ ಹಿಂದೆ ಸತ್ತ ನರ್ತಕಿ ನಾಗವಲ್ಲಿ ಎದ್ದು ನಿಂತಿದ್ದಾಳೆ. ಎರಡು ಹೆಂಗಸರ ನಡುವಿನ ಆ ಕೂದಲೆಳೆಯಷ್ಟು ಜಾಗದಲ್ಲಿ ಸೌಂದರ್ಯ ನಿಂತಿದ್ದರು, ಅಲ್ಲಿ ನಿಲ್ಲಿಸಿದರು. ರೆಪ್ಪೆ ಅರ್ಧ ಇಳಿದು, ಬಾಯಿ ಒಂದು ಕಡೆಗೆ ಸರಿದು, ಗೋಡೆಯಷ್ಟು ದೊಡ್ಡ ಮುಖ. ಓಡುವ ಚಿತ್ರದಲ್ಲಿ ಎದೆ ಬಿರಿಯುವಂಥದ್ದು ನಿಂತ ಚಿತ್ರದಲ್ಲಿ ವಕ್ರವಾಗಿ ಕಾಣುತ್ತದೆ, ಯಾರ ಮುಖವಾದರೂ ಅಷ್ಟೇ. ಒಬ್ಬ ಎದ್ದು ಗೋಡೆಯ ಪಕ್ಕ ನಿಂತು ತನ್ನ ಮುಖವನ್ನೂ ಹಾಗೇ ಮಾಡಿದ. ಎಲ್ಲರೂ ಬಿದ್ದು ಬಿದ್ದು ನಕ್ಕರು.

ನಾನು ಎದ್ದು ಬಾಲ್ಕನಿಗೆ ಹೋದೆ.

ಅವರಿಗೆ ಗೊತ್ತಿಲ್ಲ, ಆಗ ಅವರು ಅಂಗನವಾಡಿಯ ಮಕ್ಕಳು. 2004ರ ಏಪ್ರಿಲ್ 17ರಂದು ಜಕ್ಕೂರಿನಿಂದ ಮೇಲೆದ್ದ ಚಿಕ್ಕ ವಿಮಾನ ಅಲ್ಲೇ ಬಿದ್ದು ಸುಟ್ಟುಹೋಯಿತು. ಸೌಂದರ್ಯ, ಅವರ ಅಣ್ಣ, ಯಾರೂ ಉಳಿಯಲಿಲ್ಲ. ‘ದ್ವೀಪ’ವನ್ನು ನಿರ್ಮಿಸಿ, ಅದರಲ್ಲಿ ನಟಿಸಿ, ರಾಷ್ಟ್ರಪ್ರಶಸ್ತಿ ತಂದ ಹೆಣ್ಣುಮಗಳು. ‘ಆಪ್ತಮಿತ್ರ’ ತೆರೆಗೆ ಬಂದದ್ದು ಆಗಸ್ಟಿನಲ್ಲಿ. ಮೈಸೂರಿನಲ್ಲಿ ನಾನು ನೋಡಿದಾಗ ಚಿತ್ರಮಂದಿರ ತುಂಬಿತ್ತು, ಅವರು ಮೊದಲು ಕಾಣಿಸಿಕೊಂಡಾಗ ಶಿಳ್ಳೆಯೂ ಇಲ್ಲ, ಚಪ್ಪಾಳೆಯೂ ಇಲ್ಲ. ನನ್ನ ಪಕ್ಕದಲ್ಲಿ ಕೂತಿದ್ದ ಗುರುತಿಲ್ಲದ ಹೆಂಗಸು “ಅಯ್ಯೋ ಕಂದಾ” ಎಂದರು. ನಾಗವಲ್ಲಿಯಾಗಿ ಅವರು ಕುಣಿಯುವಾಗ ನಾವು ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದಿದ್ದೆವು. ತೆರೆಯ ಮೇಲಿನ ದೆವ್ವಕ್ಕೆ ಹೆದರಿದೆವೋ, ತೀರಿಕೊಂಡವರು ಕಣ್ಣೆದುರು ಹೀಗೆ ಕುಣಿಯುತ್ತಿದ್ದಾರಲ್ಲ ಎಂದು ನಡುಗಿದೆವೋ, ಇವತ್ತಿಗೂ ನನಗೆ ಬಿಡಿಸಿ ಹೇಳಲಾಗದು.

ಮನಃಶಾಸ್ತ್ರ ಓದುತ್ತಿರುವ ಹುಡುಗಿಯೊಬ್ಬಳು ಬಾಲ್ಕನಿಗೆ ಬಂದಳು. ಗಂಗಾಳ ಮನಸ್ಸಿನ ಕಾಯಿಲೆಯನ್ನು ಹಾಗೆ ತೋರಿಸಿದ್ದು ಸರಿಯಲ್ಲ, ಮಂತ್ರವಾದಿಯನ್ನೂ ವೈದ್ಯರನ್ನೂ ಒಂದೇ ತಕ್ಕಡಿಗೆ ಹಾಕಿದ್ದಾರೆ ಎಂದಳು. ಒಳ್ಳೆಯ ಮಾತು, ಒಪ್ಪುತ್ತೇನೆ, ಅದರ ಬಗ್ಗೆ ರಾತ್ರಿಯಿಡೀ ವಾದ ಮಾಡೋಣ. ಆದರೆ ವಾದ ಮಾಡಲಾದರೂ ಗಂಗಾಳನ್ನು ಕೊನೆಯವರೆಗೆ ನೋಡಬೇಕಲ್ಲವೇ?

ನನ್ನ ಸಿಟ್ಟಿನ ಬುಡ ಎಲ್ಲಿದೆ ಎಂದು ಬಸ್ಸಿನಲ್ಲಿ ವಾಪಸು ಬರುವಾಗ ಯೋಚಿಸುತ್ತಾ ಬಂದೆ. ಇದುವರೆಗೆ ಯಾರಿಗೂ ಹೇಳದ ಒಂದು ಸಂಗತಿ ಇದೆ. ನಾನು ಡಿಗ್ರಿ ಓದುವಾಗ, ದಸರೆಯ ರಜೆಗೆ ಹಾಸ್ಟೆಲಿನ ಮೂವರು ಗೆಳತಿಯರನ್ನು ಊರಿಗೆ ಕರೆತಂದಿದ್ದೆ. ಪಕ್ಕದ ಮನೆಯ ವಿಸಿಆರ್ ತಂದು, ಬಾಡಿಗೆ ಕ್ಯಾಸೆಟ್ ಹಾಕಿದೆವು. ಇದೇ ‘ನಾ ನಿನ್ನ ಬಿಡಲಾರೆ’. ಪಟ್ಟಣದ ಆ ಹುಡುಗಿಯರು ನಗಲು ಶುರುಮಾಡಿದರು. ನನಗೆ ಒಳಗೆ ಇನ್ನೂ ಭಯವಿತ್ತು, ಹುಣಸೆಮರವಿತ್ತು. ಆದರೆ ಹಳ್ಳಿಯವಳು ಹೆದರಿದಳು ಅಂದುಕೊಂಡುಬಿಡುತ್ತಾರೆ ಎಂದು ನಾನು ಅವರಿಗಿಂತ ಗಟ್ಟಿಯಾಗಿ ನಕ್ಕೆ. “ಇದಕ್ಕೂ ಹೆದರುವವರಿದ್ದಾರಲ್ಲ!” ಎಂದೆ. ಅಮ್ಮ ಬಾಗಿಲ ಹತ್ತಿರ ಕೂತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ನೋಡುತ್ತಿದ್ದಳು. ನನ್ನ ಮುಖ ಒಮ್ಮೆ ನೋಡಿ ಎದ್ದು ಅಡುಗೆಮನೆಗೆ ಹೋದಳು. ತಟ್ಟೆಯಲ್ಲಿ ಚಕ್ಕುಲಿ ತಂದಿಟ್ಟಳು. ಮತ್ತೆ ಕೂರಲಿಲ್ಲ. ನನ್ನನ್ನು ಸೊಂಟದ ಮೇಲೆ ಹೊತ್ತು ಆ ಏರಿ ದಾಟಿಸಿದವಳು. ಆಮೇಲೆ ಹದಿನಾರು ವರ್ಷ ಬದುಕಿದ್ದಳು, ಒಂದು ದಿನವೂ ಆ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಹಾಗಾಗಿ ಈಗಿನ ಮಕ್ಕಳಿಗೆ ಎದೆಯೇ ಇಲ್ಲ ಎಂದು ನಾನು ಬರೆಯುವುದಿಲ್ಲ. ಎದೆ ಇದೆ. 2025ರ ಜುಲೈನಲ್ಲಿ ಇದೇ ಅಣ್ಣನ ಮಗಳನ್ನು ಕರೆದುಕೊಂಡು ‘ಸು ಫ್ರಮ್ ಸೋ’ ನೋಡಿದ್ದೆ. ಜೆ.ಪಿ. ತುಮಿನಾಡು ಬರೆದು ನಿರ್ದೇಶಿಸಿದ ಕರಾವಳಿಯ ಹಳ್ಳಿಯ ಕಥೆ. ಸಿಕ್ಕಿಬಿದ್ದ ಹುಡುಗನೊಬ್ಬ ಮೈಮೇಲೆ ಬಂದವನಂತೆ ಆಡುತ್ತಾನೆ, ಊರಿಗೆ ಊರೇ ನಂಬುತ್ತದೆ, ದೆವ್ವಕ್ಕೆ ಹೆಸರೂ ವಿಳಾಸವೂ ಸಿಗುತ್ತದೆ: ಸೋಮೇಶ್ವರದ ಸುಲೋಚನಾ. ಚಿತ್ರಮಂದಿರ ಬಿದ್ದು ಹೋಗುವಂತೆ ನಗುತ್ತಿತ್ತು. ನನ್ನ ಗಂಡನಂತೂ ಕಣ್ಣೊರೆಸಿಕೊಳ್ಳುತ್ತಿದ್ದರು, ಅದು ಅವರ ಕಡೆಯ ಮಾತು, ಅವರ ಕಡೆಯ ಜನ. ಆಮೇಲೆ, ಆ ಹೆಸರಿನ ಹೆಂಗಸು ನಿಜವಾಗಿಯೂ ಇದ್ದಳು, ಅವಳಿಗೊಬ್ಬಳು ಮಗಳಿದ್ದಾಳೆ ಎಂದು ತಿಳಿದಾಗ ನಮ್ಮ ನಗು ಗಂಟಲಲ್ಲೇ ನಿಂತಿತು. ಅಣ್ಣನ ಮಗಳು ಆಗ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದಿದ್ದಳು. ಇವಳೇ ಅವಳು. ಕತ್ತಲಲ್ಲಿ, ನಿಲ್ಲಿಸುವ ಗುಂಡಿ ಇಲ್ಲದ ಕಡೆ, ಇನ್ನೂರು ಜನರ ನಡುವೆ ಕೂತಾಗ ಅವಳಿಗೆ ನಗಲೂ ಬರುತ್ತದೆ, ನಗು ನಿಲ್ಲಿಸಲೂ ಬರುತ್ತದೆ.

ಅದಕ್ಕೇ ಈ ಶನಿವಾರ ಅವರೆಲ್ಲರನ್ನೂ ಮೈಸೂರಿಗೆ ಕರೆದಿದ್ದೇನೆ. ಪ್ರೊಜೆಕ್ಟರ್ ತರಲಿ. ಗೋಡೆ ನನ್ನದು, ತಾರಸಿಯ ನೀರಿನ ತೊಟ್ಟಿಯ ಪಕ್ಕದ್ದು, ಹೋದ ತಿಂಗಳಷ್ಟೇ ಸುಣ್ಣ ಹೊಡೆಸಿದ್ದೇನೆ. ಮೊಬೈಲುಗಳೆಲ್ಲ ಕೆಳಗೆ ದೇವರ ಮನೆಯ ಕಪಾಟಿನಲ್ಲಿ, ರಿಮೋಟ್ ನನ್ನ ಮಡಿಲಲ್ಲಿ. ಮೊದಲು ‘ಗಣೇಶನ ಮದುವೆ’ ಹಾಕುತ್ತೇನೆ, ಫಣಿ ರಾಮಚಂದ್ರರ 1990ರ ಚಿತ್ರ. ಎದುರಾದರೆ ಜಗಳ, ಕಾಗದದಲ್ಲಿ ಪ್ರೀತಿ, ಆ ವಠಾರ, ಮನೆ ಮಾಲೀಕರು ಮುಖ್ಯಮಂತ್ರಿ ಚಂದ್ರು, ಬೇಕಾದಷ್ಟು ನಗಲಿ. ಅನಂತ್ ನಾಗ್ ಅವರ ಮುಖ ನಗಿಸುವಾಗ ಹೇಗಿರುತ್ತದೆ ಎಂದು ಕಣ್ಣಿಗೆ ಒಗ್ಗಿದ ಮೇಲೆ, ಕತ್ತಲು ಚೆನ್ನಾಗಿ ಇಳಿದ ಮೇಲೆ, 1979ರದ್ದು. ಪ್ರತಿ ಅದೇ ಸವೆದದ್ದು, ಬೇರೆ ಸಿಗಲಿಲ್ಲ. ಯಾರ ಬಳಿಯಾದರೂ ಇದಕ್ಕಿಂತ ಒಳ್ಳೆಯ ಪ್ರತಿ ಇದ್ದರೆ ದಯವಿಟ್ಟು ಶುಕ್ರವಾರದೊಳಗೆ ತಿಳಿಸಿ. ಹತ್ತಿರದಲ್ಲಿರುವವರು ನೀವೂ ಬನ್ನಿ, ಚಾಪೆ ಸಾಕಷ್ಟಿವೆ. ಚಕ್ಕುಲಿಗೆ ಅಕ್ಕಿ ತೊಳೆದು ನೆರಳಿಗೆ ಹರವಿದ್ದೇನೆ.